ಒಂದು ತಟ್ಟೆ ಶಾವಿಗೆ, ಅದರ ಹಿಂದೊಂದು ಸರ್ಕಾರ

ಗೊತ್ತಿಲ್ಲದ ಊರಿನಲ್ಲಿ ಬಸ್ಸಿಳಿದು ಹೊಟ್ಟೆ ಹಸಿದಾಗ ‘ಉಡುಪಿ’ ಅಂತ ಒಂದು ಬೋರ್ಡ್ ಕಂಡರೆ ಸಾಕು, ಜೀವಕ್ಕೆ ಸಮಾಧಾನ. ಒಳಗೆ ಏನು ಸಿಗುತ್ತದೆ, ಸಾಂಬಾರ್ ಹೇಗಿರುತ್ತದೆ, ಬಿಲ್ ಸುಮಾರು ಎಷ್ಟಾಗುತ್ತದೆ, ಎಲ್ಲ ಮೊದಲೇ ಗೊತ್ತು. ಈ ನಂಬಿಕೆಯನ್ನು ಯಾವ ಸರ್ಕಾರವೂ ಕಟ್ಟಲಿಲ್ಲ. ಉಡುಪಿಯ ಸುತ್ತಲಿನ ಹಳ್ಳಿಗಳಿಂದ ಹೊರಟ ಹುಡುಗರು ತಟ್ಟೆ ತೊಳೆದು, ಸಪ್ಲೈ ಮಾಡಿ, ಗಲ್ಲಾದಲ್ಲಿ ಕೂತು, ಆಮೇಲೆ ತಮ್ಮದೇ ಹೋಟೆಲ್ ಹಾಕಿದರು. ಮಾವನೋ ಚಿಕ್ಕಪ್ಪನೋ ಕೈಸಾಲ ಕೊಟ್ಟರು. ಕೃಷ್ಣ ರಾಯರು 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಎಲೆ ಊಟದ ಬೋರ್ಡಿಂಗ್ ಶುರು ಮಾಡಿದರು. ಒಬ್ಬರ ಹಿಂದೆ ಇನ್ನೊಬ್ಬರು ಹೋದರು, ರುಚಿಯೂ ಅವರ ಹಿಂದೆಯೇ ಹೋಯಿತು.

ಈಗ ಸುಮ್ನೆ ಒಂದು ಊಹೆ ಮಾಡೋಣ. ಈ ಕೆಲಸವನ್ನೆಲ್ಲ ಸರ್ಕಾರವೇ ಮಾಡಿದ್ದರೆ? ವಾಣಿಜ್ಯ ಇಲಾಖೆ ಕೂತು ಮೂರು ಬಗೆಯ ಹೋಟೆಲುಗಳ ನಕ್ಷೆ ಬರೆದು, ಬ್ಯಾಂಕು ಸಾಲ ಕೊಟ್ಟು, ಆರೋಗ್ಯ ಇಲಾಖೆ ಅಡುಗೆಯವರಿಗೆ ಕೈಪಿಡಿ ಅಚ್ಚು ಹಾಕಿಸಿ, ಅವರಿಗೆ ವೀಸಾ ಕೊಡಿಸಲು ಇನ್ನೊಂದು ಇಲಾಖೆ ಓಡಾಡಿದ್ದರೆ? ಕಡತ ಮುಂದಿನ ಟೇಬಲ್ಲಿಗೆ ಹೋಗುವಷ್ಟರಲ್ಲಿ ದೋಸೆ ಹಿಟ್ಟು ಹುಳಿ ಬಂದು ಕೆಡುತ್ತಿತ್ತು ಅಂತ ನಗು ಬರುತ್ತದೆ, ಅಲ್ವಾ? ಥಾಯ್ಲೆಂಡ್ ಸರ್ಕಾರ ಇದನ್ನೇ ಮಾಡಿತು. ಮಾಡಿ ಗೆದ್ದಿತು ಕೂಡ.

ಊಟದ ಮೂಲಕ ಪರದೇಶದವರ ಮನಸ್ಸು ಗೆಲ್ಲುವುದು ಹೊಸದೇನಲ್ಲ. ರಾಜರ ಕಾಲದಿಂದಲೂ ಇದೆ. 1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗಿಗೆ ಹೋದಾಗ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಮೌಟಾಯ್ ತುಂಬಿದ ಪುಟ್ಟ ಗ್ಲಾಸ್ ಎತ್ತಿ ಹಿಡಿದರು. ಮೌಟಾಯ್ ಅಂದರೆ ಜೋಳದಿಂದ ಇಳಿಸುವ, ಗಂಟಲು ಸುಡುವ ಮದ್ಯ. ಆ ದೃಶ್ಯವನ್ನು ಅಮೆರಿಕದ ಜನ ಟಿವಿಯಲ್ಲಿ ನೋಡಿದರು. ಎರಡು ದಶಕ ಮುಖ ತಿರುಗಿಸಿಕೊಂಡಿದ್ದ ದೇಶಗಳು ಒಂದೇ ಮೇಜಿಗೆ ಬಂದವು ಎನ್ನುವುದನ್ನು ಆ ಗ್ಲಾಸು ಯಾವ ಭಾಷಣಕ್ಕಿಂತ ಚೆನ್ನಾಗಿ ಹೇಳಿತು.

ಆದರೆ ಅದು ಔತಣದ ರಾಜತಾಂತ್ರಿಕತೆ. ದೊಡ್ಡವರು ದೊಡ್ಡವರಿಗೆ ಬಡಿಸುವುದು. ಥಾಯ್ಲೆಂಡ್ ಹಿಡಿದ ದಾರಿ ಬೇರೆ. ಪರದೇಶದ ಮಂತ್ರಿಯನ್ನು ಬಿಟ್ಟು, ಅಲ್ಲಿನ ಆಫೀಸಿನ ಗುಮಾಸ್ತನಿಗೆ, ಕಾಲೇಜು ಹುಡುಗಿಗೆ, ಶನಿವಾರ ಸಂಜೆ ಹೊರಗೆ ತಿನ್ನಲು ಹೊರಡುವ ಸಂಸಾರಕ್ಕೆ ಬಡಿಸುವುದು. ಬ್ರಿಟನ್ನಿನ ‘ದಿ ಎಕಾನಮಿಸ್ಟ್’ ಪತ್ರಿಕೆ 2002ರಲ್ಲಿ ಇದನ್ನು ‘ಗ್ಯಾಸ್ಟ್ರೋ ಡಿಪ್ಲೊಮಸಿ’ ಎಂದು ಕರೆಯಿತು. ಅಲ್ಲಿಂದ ಆ ಪದ ಎಲ್ಲ ಕಡೆ ಓಡಾಡುತ್ತಿದೆ. ನಾವು ಊಟದ ರಾಜತಾಂತ್ರಿಕತೆ ಅಂತ ಇಟ್ಟುಕೊಳ್ಳೋಣ.

ಯೋಜನೆ ಹೇಗಿತ್ತು

1997ರ ಜುಲೈನಲ್ಲಿ ಥಾಯ್ಲೆಂಡಿನ ನಾಣ್ಯ ಬಾತ್ ಕುಸಿದುಬಿತ್ತು. ಅದರ ಜೊತೆ ಏಷ್ಯಾದ ಅರ್ಧ ಭಾಗವೇ ತತ್ತರಿಸಿತು. 2001ರಲ್ಲಿ ಅಧಿಕಾರಕ್ಕೆ ಬಂದ ತಾಕ್ಸಿನ್ ಶಿನವತ್ರ ಮೂಲತಃ ವ್ಯಾಪಾರಿ. ದೇಶವನ್ನೂ ಒಂದು ಕಂಪನಿಯಂತೆ ನೋಡುವವರು. ನಮ್ಮ ಹತ್ತಿರ ಮಾರಲು ಏನಿದೆ ಎಂದು ಲೆಕ್ಕ ಹಾಕಿದಾಗ ಕಂಡದ್ದು ಅಕ್ಕಿ, ಮೀನಿನ ಸಾಸ್, ಡಬ್ಬಿಯಲ್ಲಿ ತುಂಬಿದ ಕಾಯಿಹಾಲು ಮತ್ತು ಪ್ರವಾಸ. ಈ ನಾಲ್ಕನ್ನೂ ಒಂದೇ ಏಟಿಗೆ ಮಾರುವ ಅಂಗಡಿ ಯಾವುದು? ಪರದೇಶದ ಬೀದಿಯಲ್ಲಿರುವ ಥಾಯ್ ಹೋಟೆಲ್. ಅಲ್ಲಿ ಅಕ್ಕಿಯೂ ಖರ್ಚಾಗುತ್ತದೆ, ಸಾಸೂ ಖರ್ಚಾಗುತ್ತದೆ, ಗೋಡೆಯ ಮೇಲಿನ ಸಮುದ್ರತೀರದ ಫೋಟೋ ನೋಡಿ ಗಿರಾಕಿ ಟಿಕೆಟ್ಟನ್ನೂ ತೆಗೆದುಕೊಳ್ಳುತ್ತಾನೆ.

ಇನ್ನೊಂದು ಕಾರಣವೂ ಇದ್ದಿರಬೇಕು ಅಂತ ನನ್ನ ಊಹೆ. ಆಗ ಪಶ್ಚಿಮದಲ್ಲಿ ಬ್ಯಾಂಕಾಕ್ ಅಂದರೆ ಜನರ ತಲೆಗೆ ಬರುತ್ತಿದ್ದದ್ದು ರಾತ್ರಿ ಬೀದಿಗಳು. ಒಂದು ದೇಶಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಬೇಡವೇ? ಊಟದ ವಾಸನೆ ಹಳೆಯ ಹೆಸರನ್ನು ಬೇಗ ಮರೆಸುತ್ತದೆ.

2002ರಲ್ಲಿ ‘ಗ್ಲೋಬಲ್ ಥಾಯ್’ ಎಂಬ ಯೋಜನೆ ಶುರುವಾಯಿತು. ‘ಜಗತ್ತಿಗೆ ಅಡುಗೆಮನೆ’ ಎಂಬುದು ಅದರ ಜೊತೆಗಿದ್ದ ಘೋಷಣೆ. ಆಗ ಪ್ರಪಂಚದಲ್ಲಿ ಸುಮಾರು 5,500 ಥಾಯ್ ಹೋಟೆಲುಗಳಿದ್ದವು. ಅದನ್ನು 8,000ಕ್ಕೆ ಏರಿಸಬೇಕು ಎಂದು ಗುರಿ ಇಟ್ಟರು.

ನನಗೆ ಇಷ್ಟವಾಗುವುದು ಆ ಗುರಿಗಿಂತ ಅವರು ಅದಕ್ಕೆ ಮಾಡಿದ ಸಣ್ಣಸಣ್ಣ ಏರ್ಪಾಡುಗಳು. ರಫ್ತು ಇಲಾಖೆಯವರು ಮೂರು ಮಾದರಿ ಹೋಟೆಲುಗಳ ಯೋಜನೆ ಬರೆದರು. ‘ಎಲಿಫೆಂಟ್ ಜಂಪ್’ ಅಂದರೆ ನಮ್ಮ ದರ್ಶಿನಿ ಥರದ್ದು, ಒಬ್ಬರಿಗೆ 5ರಿಂದ 15 ಡಾಲರ್. ‘ಕೂಲ್ ಬೇಸಿಲ್’ ಮಧ್ಯಮ ದರ್ಜೆ, 15ರಿಂದ 25. ‘ಗೋಲ್ಡನ್ ಲೀಫ್’ ರೇಷ್ಮೆ ಪರದೆ, ಕೆತ್ತನೆ ಕಂಬಗಳ ದುಬಾರಿ ಜಾಗ. ಯಾರಿಗೆ ಯಾವುದು ಬೇಕೋ ಅದನ್ನು ಆರಿಸಿಕೊಂಡು ಅಂಗಡಿ ಹಾಕಬಹುದಿತ್ತು. ಈ ಮೂರು ಹೆಸರಿನ ಸರಣಿ ಹೋಟೆಲುಗಳೇನೂ ಊರೂರಲ್ಲಿ ಎದ್ದು ನಿಲ್ಲಲಿಲ್ಲ. ಆದರೆ ಥಾಯ್ ಹೋಟೆಲ್ ಅಂದರೆ ಹೀಗಿರಬೇಕು ಎಂಬ ಒಂದು ಅಚ್ಚು ಅಲ್ಲಿಂದ ಗಟ್ಟಿಯಾಯಿತು.

ಸಾಲಕ್ಕೆ ಥಾಯ್ಲೆಂಡಿನ ಆಮದು ರಫ್ತು ಬ್ಯಾಂಕ್ ಮುಂದೆ ಬಂತು. ಪರದೇಶದಲ್ಲಿ ಹೋಟೆಲ್ ಹಾಕುವ ಥಾಯ್ ಪ್ರಜೆಗೆ ದುಡ್ಡು ಸಿಕ್ಕಿತು. ಬೇರೆ ದೇಶದ ಬ್ಯಾಂಕಿನಲ್ಲಿ ಹೊಸದಾಗಿ ಬಂದ ವಲಸೆಗಾರನಿಗೆ ಯಾರು ಸಾಲ ಕೊಡುತ್ತಾರೆ? ಅಡಮಾನಕ್ಕೆ ಮನೆ ಇರುವುದಿಲ್ಲ, ಪರಿಚಯದವರು ಇರುವುದಿಲ್ಲ. ಉಡುಪಿಯವರಿಗೆ ಆ ಜಾಗದಲ್ಲಿ ಮಾವ ಇದ್ದರು, ಥಾಯ್ಲೆಂಡಿನವರಿಗೆ ಬ್ಯಾಂಕ್ ಇತ್ತು.

ಅಡುಗೆಯವರಿಗೆ ತರಬೇತಿ ಶುರುವಾಯಿತು. ಆರೋಗ್ಯ ಇಲಾಖೆ ಪರದೇಶಕ್ಕೆ ಹೊರಟ ಥಾಯ್ ಬಾಣಸಿಗರಿಗಾಗಿಯೇ ಒಂದು ಕೈಪಿಡಿ ತಂದಿತು. ಹೊರಗಿನವರ ನಾಲಿಗೆ ಹೇಗಿರುತ್ತದೆ ಎಂಬುದೂ ಅದರಲ್ಲಿ ಇತ್ತಂತೆ. ವೀಸಾ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನ್ಯೂಜಿಲೆಂಡ್ ಜೊತೆ 2005ರಲ್ಲಿ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಅದರ ಫಲವಾಗಿ ಥಾಯ್ ಬಾಣಸಿಗರಿಗೆಂದೇ ಅಲ್ಲಿ ಪ್ರತ್ಯೇಕ ಕೆಲಸದ ವೀಸಾ ಇದೆ. ಅಡುಗೆ ಗೊತ್ತು ಎನ್ನುವುದಕ್ಕೆ ಥಾಯ್ಲೆಂಡಿನ ಸರ್ಟಿಫಿಕೇಟ್ ತೋರಿಸಬೇಕು. ಹಾಲಿನ ಪುಡಿ, ಯಂತ್ರದ ಬಿಡಿಭಾಗಗಳ ಸುಂಕ ಮಾತಾಡುವ ಮೇಜಿನ ಮೇಲೆ ಯಾರೋ ಒಬ್ಬ ಅಧಿಕಾರಿ ನಮ್ಮ ಅಡುಗೆಯವರ ವಿಷಯವನ್ನೂ ಬರೆದುಕೊಳ್ಳಿ ಎಂದಿದ್ದಾನೆ ನೋಡಿ, ಅದು ನಿಜವಾದ ಊಟದ ರಾಜತಾಂತ್ರಿಕತೆ.

ಫಲ ಏನಾಯಿತು? 2018ರ ಹೊತ್ತಿಗೆ ಪ್ರಪಂಚದಲ್ಲಿ ಥಾಯ್ ಹೋಟೆಲುಗಳು ಸುಮಾರು 15,000 ಆಗಿದ್ದವು. ಅಮೆರಿಕದಲ್ಲಿ ಥಾಯ್ ಮೂಲದವರು ಸುಮಾರು 3 ಲಕ್ಷ, ಹೋಟೆಲುಗಳು 5,000ಕ್ಕೂ ಜಾಸ್ತಿ. ಅದೇ ಮೆಕ್ಸಿಕೊ ಮೂಲದವರು ಮೂರೂವರೆ ಕೋಟಿ ದಾಟಿದ್ದಾರೆ, ಅವರ ಊಟದ ಹೋಟೆಲುಗಳು 50,000ದ ಆಚೀಚೆ. ತಲೆ ಲೆಕ್ಕದಲ್ಲಿ ನೋಡಿದರೆ ಥಾಯ್ ಹೋಟೆಲುಗಳು ಹತ್ತು ಪಟ್ಟಿಗೂ ಹೆಚ್ಚು. ವಲಸೆ ಹೋದವರ ಸಂಖ್ಯೆಯೊಂದರಿಂದಲೇ ಹೋಟೆಲು ಹುಟ್ಟುವುದಾದರೆ ಈ ಲೆಕ್ಕ ಹೊಂದುವುದಿಲ್ಲ.

ಹಾಗಂತ ಎಲ್ಲ ಶ್ರೇಯಸ್ಸನ್ನೂ ಸರ್ಕಾರಕ್ಕೆ ಕೊಟ್ಟರೆ ತಪ್ಪು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸಾವಿರಾರು ಸೈನಿಕರು ಥಾಯ್ಲೆಂಡಿನಲ್ಲಿದ್ದರು. ಆ ರುಚಿ ನಾಲಿಗೆಗೆ ಹತ್ತಿಸಿಕೊಂಡೇ ಊರಿಗೆ ಮರಳಿದರು. 1970ರ ದಶಕದ ಶುರುವಿನಲ್ಲೇ ಲಾಸ್ ಏಂಜಲೀಸಿನಲ್ಲಿ ‘ಬ್ಯಾಂಕಾಕ್ ಮಾರ್ಕೆಟ್’ ಎಂಬ ಅಂಗಡಿ ಮಜ್ಜಿಗೆ ಹುಲ್ಲು, ಮೀನಿನ ಸಾಸ್ ತರಿಸಿ ಮಾರುತ್ತಿತ್ತು. 1999ರಲ್ಲಿ ಆ ನಗರದ ಒಂದು ಭಾಗಕ್ಕೆ ‘ಥಾಯ್ ಟೌನ್’ ಎಂದು ಹೆಸರೂ ಬಂದಿತ್ತು. ಜನ ಆಗಲೇ ಒಲೆ ಹಚ್ಚಿದ್ದರು. ಸರ್ಕಾರ ಬಂದು ಸೌದೆ ತಳ್ಳಿತು.

ಆ ತಟ್ಟೆಯ ಹಳೇ ಕತೆ

ಥಾಯ್ ಹೋಟೆಲಿಗೆ ಹೋದವರು ಮೊದಲು ಕೇಳುವುದು ಪಾಡ್ ಥಾಯ್. ಅಕ್ಕಿಯ ಚಪ್ಪಟೆ ಶಾವಿಗೆ, ಹುಣಸೆ ರಸ, ತಾಳೆ ಬೆಲ್ಲ, ಮೀನಿನ ಸಾಸ್, ಮೊಟ್ಟೆ, ಒಣ ಸಿಗಡಿ, ಮೊಳಕೆ ಕಾಳು, ಮೇಲೆ ಕುಟ್ಟಿದ ಕಡಲೆಕಾಯಿ. ಹುಳಿ, ಸಿಹಿ, ಉಪ್ಪು ಮೂರೂ ಒಟ್ಟಿಗೆ. ಹುಣಸೆಹಣ್ಣು, ಬೆಲ್ಲ, ಕಡಲೆಕಾಯಿ ಅಂದಮೇಲೆ ನಮ್ಮ ಪುಳಿಯೋಗರೆಯ ದೂರದ ನೆಂಟನ ಹಾಗೆ ಕಾಣುತ್ತದೆ. ಮೀನಿನ ಸಾಸ್ ಬಾಯಿಗೆ ಬರುವವರೆಗೆ ಮಾತ್ರ.

ಇದು ಥಾಯ್ಲೆಂಡಿನ ಪುರಾತನ ಅಡುಗೆ ಎಂದು ಪರದೇಶದಲ್ಲಿ ತಿನ್ನುವವರು ನಂಬಿದ್ದಾರೆ. ಹೆಸರನ್ನೇ ಸ್ವಲ್ಪ ನೋಡಿ. ಪೂರ್ತಿ ಹೆಸರು ‘ಕ್ವೇತಿಯಾವ್ ಪಾಡ್ ಥಾಯ್’, ಅಂದರೆ ಥಾಯ್ ರೀತಿಯಲ್ಲಿ ಹುರಿದ ಶಾವಿಗೆ. ಕ್ವೇತಿಯಾವ್ ಎನ್ನುವುದು ಚೀನೀ ಮಾತು. ಬಾಣಲೆಯಲ್ಲಿ ದೊಡ್ಡ ಉರಿಯ ಮೇಲೆ ಶಾವಿಗೆ ಹುರಿಯುವುದೂ ಚೀನೀಯರ ಕೈಚಳಕ. ಮೊದಲಿಂದಲೂ ತಮ್ಮದೇ ಆಗಿದ್ದರೆ ‘ಥಾಯ್’ ಎಂದು ಬಾಲ ಯಾಕೆ ಸೇರಿಸಬೇಕಿತ್ತು? ನಾವು ಯಾರಾದರೂ ‘ಕನ್ನಡ ಮುದ್ದೆ’ ಅನ್ನುತ್ತೇವೆಯೇ?

ಆ ಬಾಲ ಸೇರಿದ ಕಾಲ ಪ್ಲೇಕ್ ಪಿಬುನ್‌ಸೊಂಗ್‌ಕ್ರಾಮ್ ಪ್ರಧಾನಿಯಾಗಿದ್ದ ಕಾಲ. ಸೇನೆಯಿಂದ ಬಂದ ಮನುಷ್ಯ. ಜನ ಅವರನ್ನು ಪಿಬುನ್ ಎನ್ನುತ್ತಿದ್ದರು. 1939ರಲ್ಲಿ ಸಿಯಾಮ್ ಎಂಬ ದೇಶದ ಹೆಸರನ್ನು ಥಾಯ್ಲೆಂಡ್ ಎಂದು ಬದಲಿಸಿದ್ದು ಅವರೇ. 1939ರಿಂದ 1942ರೊಳಗೆ ಹನ್ನೆರಡು ಆದೇಶ ಹೊರಡಿಸಿದರು. ಬಾವುಟಕ್ಕೆ ಹೇಗೆ ನಮಸ್ಕರಿಸಬೇಕು, ಬಟ್ಟೆ ಹೇಗಿರಬೇಕು, ದಿನವನ್ನು ಹೇಗೆ ಕಳೆಯಬೇಕು, ಎಲ್ಲಕ್ಕೂ ನಿಯಮ. ಹೆಂಗಸರು ಗಂಡಸರು ಹ್ಯಾಟು ಹಾಕಬೇಕು ಎಂದರು. ಎಲೆ ಅಡಿಕೆ ಹಾಕಿಕೊಳ್ಳುವುದನ್ನೂ ನಿಲ್ಲಿಸಿದರು! ನಮ್ಮ ಕಡೆ ಯಾರಾದರೂ ಇಂಥ ಆದೇಶ ತಂದಿದ್ದರೆ ಏನಾಗುತ್ತಿತ್ತೋ.

ಅದೇ ಹೊತ್ತಿಗೆ ಎರಡನೇ ಮಹಾಯುದ್ಧ. 1942ರಲ್ಲಿ ಬ್ಯಾಂಕಾಕ್ ಪ್ರವಾಹದಲ್ಲಿ ಮುಳುಗಿತ್ತು. ಜನ ಅಗ್ಗವಾಗಿ, ಹೊಟ್ಟೆ ತುಂಬ ತಿನ್ನಬೇಕು. ಶಾವಿಗೆ ತಿನ್ನಿ ಎಂದು ಸರ್ಕಾರ ಪ್ರಚಾರ ಮಾಡಿತು. ಶಾವಿಗೆ ಮಾರುವ ತಳ್ಳುಗಾಡಿಗಳಿಗೆ ಪ್ರೋತ್ಸಾಹ ಕೊಟ್ಟಿತು. ಅಲ್ಲಿಯವರೆಗೆ ಆ ವ್ಯಾಪಾರ ಹೆಚ್ಚಾಗಿ ಚೀನೀ ಮೂಲದವರ ಕೈಯಲ್ಲಿತ್ತು. ಅದನ್ನು ಥಾಯ್ ಜನರ ಕೈಗೆ ತರುವ ಆಸೆಯೂ ಪಿಬುನ್‌ಗೆ ಇತ್ತು. ಚೀನೀ ಶಾವಿಗೆಗೆ ಹುಣಸೆಹಣ್ಣು, ತಾಳೆ ಬೆಲ್ಲ ಬಿದ್ದು ಅದು ಥಾಯ್ ಆಯಿತು. ಈ ತಿಂಡಿ ಪಿಬುನ್ ಅವರ ಮನೆಯ ಅಡುಗೆಮನೆಯಲ್ಲೇ ಹುಟ್ಟಿತು ಎಂದು ಕೆಲವರು, ಬೀದಿಯಲ್ಲಿ ಮೊದಲೇ ಇತ್ತು ಎಂದು ಕೆಲವರು ಹೇಳುತ್ತಾರೆ. ಯಾರ ಕೈ ಮೊದಲು ಬಾಣಲೆ ಹಿಡಿಯಿತು ಎನ್ನುವುದು ಅಷ್ಟು ಮುಖ್ಯವಲ್ಲ. ಅದಕ್ಕೆ ದೇಶದ ಹೆಸರು ಅಂಟಿಸಿದ್ದು ರಾಜಕೀಯ.

ಯುದ್ಧ ಕಾಲದ ಊಟದ ತೊಂದರೆ ಅಂದಾಗ ನಮ್ಮ ಊರಿನ ಒಂದು ತಿಂಡಿ ನೆನಪಾಗುತ್ತದೆ. ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುವ ಪ್ರಕಾರ ರವೆ ಇಡ್ಲಿ ಹುಟ್ಟಿದ್ದೂ ಅದೇ ಯುದ್ಧದಲ್ಲಿ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಇಡ್ಲಿಗೆ ಅಕ್ಕಿ ಸಾಲದಾದಾಗ ರವೆ ಹಾಕಿ ನೋಡಿದರು. ಬ್ಯಾಂಕಾಕಿನಲ್ಲಿ ಒಬ್ಬ ಪ್ರಧಾನಿ ತಲೆ ಕೆಡಿಸಿಕೊಂಡ ತೊಂದರೆಗೆ ಲಾಲ್‌ಬಾಗ್ ರಸ್ತೆಯಲ್ಲಿ ಒಬ್ಬ ಹೋಟೆಲಿನವರು ಉತ್ತರ ಹುಡುಕಿಕೊಂಡರು. ನಮ್ಮದಕ್ಕೆ ದೇಶದ ಹೆಸರು ಅಂಟಲಿಲ್ಲ, ಅಷ್ಟೇ.

ರಾಷ್ಟ್ರೀಯ ತಿಂಡಿ ಎಂದು ಬೋರ್ಡ್ ಹಾಕಿಕೊಂಡ ಯಾವುದನ್ನು ಕೆದಕಿದರೂ ಕತೆ ಹೀಗೇ ಇರುತ್ತದೆ. ಥಾಯ್ಲೆಂಡಿನ ಮಸ್ಸಮನ್ ಕರಿಯಲ್ಲಿ ಏಲಕ್ಕಿ, ಚಕ್ಕೆ, ಲವಂಗದ ಘಮ. ಹೆಸರು ಬಂದಿರುವುದೇ ‘ಮುಸಲ್ಮಾನ್’ ಎಂಬ ಮಾತಿನಿಂದ. ಅಲ್ಲಿನ ಖಾರಕ್ಕೆ ಬೇಕಾದ ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ನಮ್ಮ ಬ್ಯಾಡಗಿಯದ್ದೂ ಅದೇ ಪೂರ್ವಜರು. ನಮ್ಮಲ್ಲಿ ಮೊದಲಿದ್ದದ್ದು ಕರಿಮೆಣಸು. ಹೊಸದಾಗಿ ಬಂದ ಕಾಯಿಗೆ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು.

ಇಷ್ಟೊಂದು ಅಡುಗೆಗಳಿರುವಾಗ ಪಾಡ್ ಥಾಯ್ ಒಂದೇ ಯಾಕೆ ಅಷ್ಟು ದೂರ ಹೋಯಿತು? ಅಡುಗೆಮನೆಯ ಕಣ್ಣಿನಿಂದ ನೋಡಿದರೆ ಗೊತ್ತಾಗುತ್ತದೆ. ಶಾವಿಗೆ ಒಣಗಿದ್ದು, ತಿಂಗಳುಗಟ್ಟಲೆ ಕೆಡುವುದಿಲ್ಲ. ಸಾಸು ಬಾಟಲಿಯಲ್ಲಿ ಬರುತ್ತದೆ. ಎಲ್ಲ ಹೆಚ್ಚಿಟ್ಟುಕೊಂಡರೆ ಬಾಣಲೆಯಲ್ಲಿ ಕೆಲವೇ ನಿಮಿಷದ ಕೆಲಸ. ಥಾಯ್ ಮನೆಗಳಲ್ಲಿ ಊಟವೆಂದರೆ ನಡುವೆ ನಾಲ್ಕೈದು ಬಗೆ ಇಟ್ಟುಕೊಂಡು ಅನ್ನದ ಜೊತೆ ಎಲ್ಲರೂ ಹಂಚಿ ತಿನ್ನುವುದು. ಪಶ್ಚಿಮದವರಿಗೆ ತನ್ನ ತಟ್ಟೆ ತನಗೆ. ಪಾಡ್ ಥಾಯ್ ಒಂದೇ ತಟ್ಟೆಯಲ್ಲಿ ಪೂರ್ತಿ ಊಟ. ಖಾರವೂ ಬೆದರಿಸುವಷ್ಟಿಲ್ಲ.

ಬ್ಯಾಂಕಾಕಿನ ಜನರನ್ನು ದಿನಾ ಏನು ತಿನ್ನುತ್ತೀರಿ ಅಂತ ಕೇಳಿದರೆ ಪಾಡ್ ಥಾಯ್ ಹೆಸರು ಬರುವುದು ಕಡಿಮೆ. ಮಧ್ಯಾಹ್ನದ ಅವಸರದ ಊಟಕ್ಕೆ ಅವರ ಆಯ್ಕೆ ಪಾಡ್ ಕಪ್ರಾವ್. ಮಾಂಸವನ್ನು ಸಣ್ಣಗೆ ಕೊಚ್ಚಿ, ಬೆಳ್ಳುಳ್ಳಿ, ಹಸಿ ಖಾರ ಹಾಕಿ, ಕೊನೆಗೆ ಒಂದು ಹಿಡಿ ಕಪ್ರಾವ್ ಎಲೆ ಹಾಕಿ ಹುರಿಯುವುದು. ಕಪ್ರಾವ್ ಅಂದರೆ ತುಳಸಿ. ನಮ್ಮ ಅಜ್ಜಿಯ ಮುಂದೆ ಈ ಮಾತು ಹೇಳುವ ಧೈರ್ಯ ನನಗಿಲ್ಲ.

ಅಸಲಿ ಯಾವುದು, ಹೇಳುವವರು ಯಾರು

ಹೋಟೆಲುಗಳು ಹೆಚ್ಚಿದಂತೆ ಹೊಸ ತಲೆನೋವು ಶುರುವಾಯಿತು. ಹುಣಸೆಹಣ್ಣಿನ ಜಾಗದಲ್ಲಿ ಟೊಮೆಟೊ ಕೆಚಪ್ ಬಂತು. ಥಾಯ್ಲೆಂಡನ್ನೇ ನೋಡದವರು ‘ಥಾಯ್’ ಬೋರ್ಡ್ ಹಾಕಿದರು. ನಮ್ಮ ಹೆದ್ದಾರಿಗಳಲ್ಲಿ ಉಡುಪಿಗೂ ತಮಗೂ ಸಂಬಂಧವೇ ಇಲ್ಲದ ‘ಉಡುಪಿ’ ಹೋಟೆಲುಗಳಿಲ್ಲವೇ, ಹಾಗೆ. ಉಡುಪಿಯವರು ಸುಮ್ಮನಿದ್ದಾರೆ, ಥಾಯ್ ಸರ್ಕಾರ ಸುಮ್ಮನಿರಲಿಲ್ಲ. ವಾಣಿಜ್ಯ ಇಲಾಖೆ ‘ಥಾಯ್ ಸೆಲೆಕ್ಟ್’ ಎಂಬ ಮುದ್ರೆ ಕೊಡಲು ಶುರು ಮಾಡಿತು. ಮೆನುವಿನಲ್ಲಿ ಹೆಚ್ಚಿನದು ಥಾಯ್ ಅಡುಗೆಯೇ ಇರಬೇಕು, ಅಡುಗೆಯವರಿಗೆ ಕಲಿಕೆ ಇರಬೇಕು, ಪರೀಕ್ಷೆಗೆ ಬಂದವರಿಗೆ ರುಚಿ ಒಪ್ಪಿಗೆಯಾಗಬೇಕು.

2014ರಲ್ಲಿ ಅದನ್ನೂ ಮೀರಿದ ಒಂದು ಯಂತ್ರ ಬಂತು. ಸರ್ಕಾರದ ದುಡ್ಡಿನಲ್ಲಿ ತಯಾರಾದ ‘ಇ-ಡೆಲಿಶಿಯಸ್’ ಎಂಬ ರುಚಿ ನೋಡುವ ರೋಬೋ. ಸಾರಿನ ಒಂದಿಷ್ಟು ಹನಿ ಕೊಟ್ಟರೆ ವಾಸನೆ, ರುಚಿಯನ್ನು ಸೆನ್ಸರುಗಳಲ್ಲಿ ಅಳೆದು 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. 80ಕ್ಕಿಂತ ಕಡಿಮೆ ಬಂದರೆ ಫೇಲ್. ಪರದೇಶಗಳಲ್ಲಿ ಥಾಯ್ ಊಟ ಚೆನ್ನಾಗಿಲ್ಲ ಎಂಬ ಚಿಂತೆ ಪ್ರಧಾನಿಯಾಗಿದ್ದ ಯಿಂಗ್ಲಕ್ ಶಿನವತ್ರ ಅವರ ಸರ್ಕಾರಕ್ಕೆ ಹತ್ತಿದ್ದರ ಫಲ ಇದು. ಆದರೆ ಯಂತ್ರಕ್ಕೆ ಹೋಲಿಸಲು ಒಂದು ‘ಸರಿಯಾದ’ ರುಚಿ ಮೊದಲು ಬೇಕಲ್ಲ? ನಮ್ಮಲ್ಲಿ ಸಾರಿಗೆ ಇಂಥ ಯಂತ್ರ ಮಾಡಿದರೆ ಯಾರ ಮನೆಯ ಸಾರಿಗೆ 100 ಅಂಕ? ಮೈಸೂರಿನವರದೋ, ಮಂಗಳೂರಿನವರದೋ, ಧಾರವಾಡದವರದೋ? ಆ ಜಗಳಕ್ಕೇ ಸಭೆ ಮುಗಿದುಹೋಗುತ್ತದೆ.

ಥಾಯ್ಲೆಂಡಿನಲ್ಲೂ ಅಷ್ಟೇ. ಈಶಾನ್ಯದ ಇಸಾನ್ ಕಡೆಯವರು ಅಂಟು ಅಕ್ಕಿ, ಹುದುಗಿಸಿದ ಮೀನು, ಹಸಿ ಪಪ್ಪಾಯಿಯ ಕಟು ಖಾರದ ಸೋಮ್‌ತಾಮ್ ತಿನ್ನುವವರು. ದಕ್ಷಿಣದ ಮುಸ್ಲಿಮರ ಊಟ ಬೇರೆ, ಉತ್ತರದ ಬೆಟ್ಟದವರದು ಬೇರೆ. ಪರದೇಶದ ಮೆನುವಿಗೆ ಹೋಗುವಾಗ ಇವೆಲ್ಲ ಸೋಸಿಹೋಗಿ ಬ್ಯಾಂಕಾಕಿನ ಸುತ್ತಲಿನ ಸಿಹಿ ಕೈಯ ಅಡುಗೆ ‘ಥಾಯ್’ ಆಯಿತು. ಸರ್ಕಾರ ಬಡಿಸುವ ಊಟದ ದೊಡ್ಡ ಕೊರತೆ ಇದು ಅಂತ ನನಗನಿಸುತ್ತದೆ. ಬಡಿಸುವ ಮೊದಲೇ ಅದು ಯಾರದ್ದನ್ನೋ ಬದಿಗಿಡುತ್ತದೆ.

ಊಟ ಮತ್ತು ಸರ್ಕಾರ ತೀರಾ ಹತ್ತಿರ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಥಾಯ್ಲೆಂಡಿನಲ್ಲೇ ಒಂದು ತಮಾಷೆ ಪ್ರಸಂಗ ಇದೆ. ಸಮಕ್ ಸುಂದರವೇಜ್ ಹಲವು ವರ್ಷ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ನಡೆಸಿದ ರಾಜಕಾರಣಿ. 2008ರಲ್ಲಿ ಪ್ರಧಾನಿಯಾದ ಮೇಲೂ ಕೆಲವು ಸಲ ಸೌಟು ಹಿಡಿದು ಟಿವಿಗೆ ಬಂದರು. ಪ್ರಧಾನಿ ಹೊರಗಿನ ಸಂಬಳದ ಕೆಲಸ ಮಾಡುವಂತಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ಅವರನ್ನು ಕುರ್ಚಿಯಿಂದ ಇಳಿಸಿತು. ಜಗತ್ತಿನ ಅಡುಗೆಮನೆಯಾಗಲು ಹೊರಟ ದೇಶದ ಪ್ರಧಾನಿ ಅಡುಗೆ ಮಾಡಿದ್ದಕ್ಕೇ ಕೆಲಸ ಕಳೆದುಕೊಂಡರು.

ತಟ್ಟೆಯ ಮೇಲಿನ ಜಗಳ

ಥಾಯ್ಲೆಂಡನ್ನು ನೋಡಿ ಉಳಿದವರೂ ಹೊರಟರು. ದಕ್ಷಿಣ ಕೊರಿಯಾ 2009ರಲ್ಲಿ ತನ್ನ ಊಟವನ್ನು ಜಗತ್ತಿನ ಮೊದಲ ಐದರಲ್ಲಿ ಸೇರಿಸುತ್ತೇನೆ ಎಂದು ಹೊರಟಿತು. ಅಕ್ಕಿ ಹಿಟ್ಟಿನ ತಿಂಡಿ ಟೊಕ್ಬೊಕ್ಕಿಗೆಂದೇ ಒಂದು ಸಂಶೋಧನಾ ಸಂಸ್ಥೆ ತೆರೆಯಿತು. ಹೊರಗಿನವರ ನಾಲಿಗೆಗೆ ಸುಲಭವಾಗಲಿ ಅಂತ ಹೆಸರನ್ನು ‘ಟೊಪೊಕ್ಕಿ’ ಎಂದು ತಿದ್ದಿದರು. ದುಡ್ಡು ನೀರಿನಂತೆ ಹೋಯಿತು, ಬೈಗುಳ ಬಂತು. ಕೊನೆಗೆ ಕೊರಿಯಾದ ರುಚಿಯನ್ನು ಊರೂರಿಗೆ ಒಯ್ದಿದ್ದು ಅವರ ಧಾರಾವಾಹಿ, ಹಾಡು ಮತ್ತು ಕಣ್ಣಲ್ಲಿ ನೀರು ಬರಿಸುವ ಖಾರದ ನೂಡಲ್ಸ್ ಪ್ಯಾಕೆಟ್ಟುಗಳು. ಬೆಂಗಳೂರಿನ ಕಾಲೇಜು ಮಕ್ಕಳಿಗೆ ಆ ಪ್ಯಾಕೆಟ್ ಪರಿಚಯಿಸಲು ಯಾವ ರಾಯಭಾರಿಯೂ ಬರಲಿಲ್ಲ.

ಊಟಕ್ಕೆ ದೇಶದ ಬಾವುಟ ಚುಚ್ಚಿದರೆ ಪಕ್ಕದ ದೇಶ ಎದ್ದು ನಿಲ್ಲುತ್ತದೆ. 2020ರ ನವೆಂಬರಿನಲ್ಲಿ ಚೀನಾ ತನ್ನ ಪಾವ್‌ಚಾಯ್ ಎಂಬ ಉಪ್ಪಿನಲ್ಲಿ ಹಾಕಿದ ತರಕಾರಿಗೆ ಅಂತರರಾಷ್ಟ್ರೀಯ ಮಾನದಂಡ ಪಡೆಯಿತು. ಇದು ಕಿಮ್ಚಿಗೆ, ಅಂದರೆ ಕೊರಿಯಾದವರ ಹುದುಗಿಸಿದ ಎಲೆಕೋಸಿನ ಉಪ್ಪಿನಕಾಯಿಗೆ, ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಚೀನಾದ ಪತ್ರಿಕೆಯೊಂದು ಕಿಮ್ಚಿಯ ಮಾನದಂಡವನ್ನೇ ನಾವು ಬರೆದೆವು ಎಂಬಂತೆ ಬೀಗಿತು. ಕೊರಿಯಾ ಕುದಿಯಿತು. 2021ರಲ್ಲಿ ಕೊರಿಯಾ ಸರ್ಕಾರ ಕಿಮ್ಚಿಗೆ ಚೀನೀ ಭಾಷೆಯಲ್ಲಿ ‘ಶಿನ್‌ಚಿ’ ಎಂಬ ಹೊಸ ಹೆಸರನ್ನೇ ಗೊತ್ತು ಮಾಡಿತು. ಇದರ ನಡುವೆ ಕೊರಿಯಾ ಹೊರಗಿನಿಂದ ತರಿಸಿಕೊಳ್ಳುವ ಕಿಮ್ಚಿ ಬಹುತೇಕ ಚೀನಾದ್ದೇ.

ಲೆಬನಾನ್ ಮತ್ತು ಇಸ್ರೇಲ್ ಕಡಲೆಕಾಳಿನ ಹಮ್ಮಸ್ ಮೇಲೆ ಬಿದ್ದರು. ಯಾರು ದೊಡ್ಡ ತಟ್ಟೆ ಮಾಡುತ್ತಾರೆ ಎಂಬ ದಾಖಲೆಯ ಪೈಪೋಟಿ. 2010ರಲ್ಲಿ ಲೆಬನಾನಿನವರು 10,452 ಕಿಲೋ ಹಮ್ಮಸ್ ಅರೆದರು. ಅವರ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರ್! ಪೆರು ಮತ್ತು ಚಿಲಿ ಪಿಸ್ಕೊ ಎಂಬ ದ್ರಾಕ್ಷಿ ಮದ್ಯಕ್ಕೆ ಕಿತ್ತಾಡುತ್ತವೆ. ಇವರನ್ನು ನೋಡಿ ನಗುವ ಮೊದಲು ರಸಗುಲ್ಲ ನೆನಪಿಸಿಕೊಳ್ಳಬೇಕು. ಬಂಗಾಳಕ್ಕೆ 2017ರಲ್ಲಿ ಇದು ಆ ನೆಲದ್ದೇ ಎಂದು ಸಾರುವ ಜಿಐ ಗುರುತು ಸಿಕ್ಕಿತು, ಒಡಿಶಾ ಬಿಡದೆ 2019ರಲ್ಲಿ ತನ್ನದಕ್ಕೂ ತಂದುಕೊಂಡಿತು.

ಉಕ್ರೇನಿನ ವಿಷಯದಲ್ಲಿ ಮಾತ್ರ ನಗು ಬರುವುದಿಲ್ಲ. ಬೀಟ್‌ರೂಟ್ ಸಾರು ಬೋರ್ಷ್ ಯಾರದು ಎಂಬ ವಾದ ರಷ್ಯಾದೊಂದಿಗೆ ಹಳೆಯದು. 2022ರ ಜುಲೈ 1ರಂದು, ಯುದ್ಧದ ನಡುವೆ, ಯುನೆಸ್ಕೊ ಉಕ್ರೇನಿನ ಬೋರ್ಷ್ ಅಡುಗೆಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಬೇಯಿಸುವವರೇ ಊರು ಬಿಟ್ಟು ಓಡುತ್ತಿದ್ದಾಗ ಆ ಪಟ್ಟಿಗೆ ಬೇರೆಯೇ ಅರ್ಥ ಬಂತು.

ಇಷ್ಟೆಲ್ಲ ಮಾಡಿ ಒಂದು ದೇಶಕ್ಕೆ ಸಿಗುವುದೇನು? ಥಾಯ್ಲೆಂಡಿಗೆ 2001ರಲ್ಲಿ ಸುಮಾರು 1 ಕೋಟಿ ಪ್ರವಾಸಿಗರು ಬಂದಿದ್ದರು, 2019ರಲ್ಲಿ 4 ಕೋಟಿಯ ಹತ್ತಿರ. ಎಲ್ಲರೂ ಪಾಡ್ ಥಾಯ್ ತಿಂದು ಮರುಳಾಗಿ ಬಂದರು ಎನ್ನಲಾಗದು. ಅಗ್ಗದ ವಿಮಾನ ಬಂತು, ಚೀನಾದವರ ಕೈಯಲ್ಲಿ ದುಡ್ಡು ಬಂತು. ಆದರೂ ಊಟದ ಹೆಸರು ಆ ದೇಶದ ಹೆಸರಿಗೆ ಅಂಟಿಕೊಂಡಿದೆ. 2024ರ ಡಿಸೆಂಬರಿನಲ್ಲಿ ಅವರ ಸಿಗಡಿ ಸಾರು ತೋಮ್ ಯಮ್ ಕುಂಗ್ ಯುನೆಸ್ಕೊ ಪಟ್ಟಿಗೂ ಸೇರಿತು.

ಊಟಕ್ಕೆ ಆಗದ ಕೆಲಸವೂ ಇದೆ. 2006ರಲ್ಲಿ ಸೇನೆ ಬಂದು ತಾಕ್ಸಿನ್ ಅವರನ್ನು ಇಳಿಸಿತು. 2014ರಲ್ಲಿ ಇನ್ನೊಂದು ಸಲ ಸೇನೆ ಬಂತು. ಲಂಡನ್ನಿನ, ಸಿಡ್ನಿಯ ಥಾಯ್ ಹೋಟೆಲುಗಳಲ್ಲಿ ಆ ವಾರವೂ ಬಾಣಲೆ ಬಿಸಿಯಾಗಿಯೇ ಇತ್ತು. ತಿನ್ನುವವನು ಆ ದೇಶವನ್ನು ಇಷ್ಟಪಡುತ್ತಾನೆ ನಿಜ. ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ಅಗತ್ಯ ಅವನಿಗೆ ಕಾಣುವುದಿಲ್ಲ. ಸರ್ಕಾರಗಳಿಗೆ ಇದೇ ಹಿತ ಇರಬಹುದೇನೋ.

ನವಣೆ, ಸಾಮೆ, ಮುದ್ದೆ

ಭಾರತ ಇದರಲ್ಲಿ ಎಲ್ಲಿದೆ? ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳನ್ನು ಕಟ್ಟಿದವರು ಹೆಚ್ಚಾಗಿ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ದಕ್ಷಿಣದ ಇಡ್ಲಿ ದೋಸೆ ಸಮುದ್ರ ದಾಟಿದ್ದೂ ಜನರ ಜೊತೆಗೇ. ಎಂ.ಟಿ.ಆರ್. 2013ರಲ್ಲಿ ಸಿಂಗಪುರದಲ್ಲಿ ಬಾಗಿಲು ತೆರೆಯಿತು. ಸರ್ಕಾರ ಈಚೆಗೆ ಕೈ ಹಾಕಿದೆ. ಸಾಂಸ್ಕೃತಿಕ ಸಂಬಂಧಗಳ ಮಂಡಳಿ 2023ರಲ್ಲಿ ಹೊರದೇಶಗಳ ಆರು ಭಾರತೀಯ ಹೋಟೆಲುಗಳಿಗೆ ‘ಅನ್ನಪೂರ್ಣ’ ಸರ್ಟಿಫಿಕೇಟ್ ಕೊಟ್ಟಿತು. ಥಾಯ್ ಸೆಲೆಕ್ಟ್ ಜಾತಿಗೇ ಸೇರಿದ್ದು.

ದೊಡ್ಡ ಪ್ರಯತ್ನ ಅಂದರೆ ಸಿರಿಧಾನ್ಯ. ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆ 2021ರ ಮಾರ್ಚಿನಲ್ಲಿ ಒಪ್ಪಿ, 2023ನ್ನು ಸಿರಿಧಾನ್ಯ ವರ್ಷ ಎಂದಿತು. ಆ ಜೂನಿನಲ್ಲಿ ಶ್ವೇತಭವನದ ಔತಣದಲ್ಲಿ ಪ್ರಧಾನಿ ಮೋದಿ ಅವರಿಗೆ ಸಿರಿಧಾನ್ಯದ ಸಲಾಡ್ ಬಡಿಸಿದರು. ಸೆಪ್ಟೆಂಬರಿನಲ್ಲಿ ದೆಹಲಿಯ ಜಿ-20 ಔತಣದಲ್ಲಿ ನವಣೆಯ ಗರಿಗರಿ ಎಲೆ, ಸಾಮೆಯ ಕುರುಕಲು, ಊದಲು ಪಾಯಸ. ಕುಡಿಯಲು ಕಾಶ್ಮೀರದ ಕಹ್ವಾ, ಡಾರ್ಜಿಲಿಂಗ್ ಚಹಾ ಮತ್ತು ಫಿಲ್ಟರ್ ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಎಪ್ಪತ್ತು ಪಾಲು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಲೋಟದ ಮಟ್ಟಿಗೆ ನಾವೂ ಆ ಮೇಜಿನ ಮೇಲಿದ್ದೆವು.

ಇವೆಲ್ಲ ಚೆನ್ನಾಗಿದೆ. ಆದರೆ ನೋಡಿ, ಇವು ನಿಕ್ಸನ್ ಕಾಲದ ಗ್ಲಾಸಿನ ಜಾತಿಯವು. ಔತಣ ಮುಗಿದ ಮೇಲೆ ಬರ್ಲಿನ್ನಿನಲ್ಲಿ ಒಬ್ಬನಿಗೆ ರಾಗಿ ತಿನ್ನಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು? ರಾಗಿ ಬಿಸ್ಕತ್ತು ಅಂಗಡಿಯಲ್ಲಿ ಸಿಕ್ಕೀತು. ಮುದ್ದೆ? ಅದು ಪಾಡ್ ಥಾಯ್ ಹಾಗೆ ಸುಲಭದ ಪ್ರಯಾಣಿಕ ಅಲ್ಲ. ಆರಿದರೆ ಗಟ್ಟಿ, ತಡವಾದರೆ ಬಿರುಕು. ಜಗಿಯಬಾರದು, ನುಂಗಬೇಕು ಎಂದು ಹೊಸಬರಿಗೆ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕುದಿಯುವ ಎಸರಿಗೆ ಹಿಟ್ಟು ಬಿಟ್ಟು, ಪಾತ್ರೆಯನ್ನು ಅದುಮಿ ಹಿಡಿದು, ಗಂಟಾಗದಂತೆ ಕೋಲು ತಿರುಗಿಸುವ ಒಂದು ಜೊತೆ ಕೈ ಬೇಕು. ಆ ಕೈ ಇರುವವರು ಮಂಡ್ಯದ ಕಡೆ ಬೇಕಾದಷ್ಟು ಜನ ಇದ್ದಾರೆ. ನ್ಯೂಜಿಲೆಂಡಿನ ಆ ವೀಸಾ ಥಾಯ್ ಬಾಣಸಿಗರಿಗೆ ಸಿಕ್ಕಿದ್ದು ಯಾರೋ ಮೇಜಿನ ಮುಂದೆ ಕೂತು ಕೇಳಿದ್ದರಿಂದ. ಮುದ್ದೆ ಕೋಲು ಹಿಡಿದವರ ಪರವಾಗಿ ಯಾವ ಮೇಜಿನ ಮುಂದೆ ಯಾರು ಕೂರುತ್ತಾರೋ ನೋಡಬೇಕು.